ಯಾರೂ ಬಯಸದ ಕತ್ತರಿ: ಅಮೆರಿಕದ 2011ರ ಕೊರತೆ ಕಡಿತ ಒಪ್ಪಂದದ ಪ್ರಕರಣ ಅಧ್ಯಯನ

ಸರ್ಕಾರದ ಖರ್ಚು ಆದಾಯವನ್ನು ಮೀರಿದೆ, ಅದನ್ನು ಸರಿಪಡಿಸಬೇಕು ಎಂಬುದರಲ್ಲಿ ಎರಡೂ ಪಕ್ಷಗಳಿಗೆ ಒಮ್ಮತವಿದ್ದರೂ, ಹೇಗೆ ಸರಿಪಡಿಸಬೇಕು ಎಂಬ ಒಂದೇ ಪ್ರಶ್ನೆಯ ಮೇಲೆ ಒಂದು ದೊಡ್ಡ ದೇಶದ ಆಡಳಿತ ಎರಡೂವರೆ ವರ್ಷ ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಪ್ರಕರಣವಿದು. ಅಮೆರಿಕದಲ್ಲಿ 2011ರ ಬೇಸಿಗೆಯಿಂದ 2013ರ ಡಿಸೆಂಬರ್‌ವರೆಗೆ ನಡೆದ ಈ ಹಗ್ಗಜಗ್ಗಾಟದ ವಿವರಗಳೆಲ್ಲ ಸಾರ್ವಜನಿಕ ದಾಖಲೆಯಲ್ಲಿವೆ. ಆದರೂ ಇಲ್ಲಿ ವ್ಯಕ್ತಿಗಳ ಹೆಸರುಗಳನ್ನು ಕೈಬಿಟ್ಟು ಹುದ್ದೆಗಳನ್ನಷ್ಟೇ ಬಳಸಿದ್ದೇನೆ. ಹೆಸರು ಬಂದ ಕೂಡಲೇ ಓದುಗರ ಗಮನ ಆ ವ್ಯಕ್ತಿಯ ಮೇಲಿನ ಮೆಚ್ಚುಗೆ ಅಥವಾ ಸಿಟ್ಟಿನ ಕಡೆಗೆ ಹೊರಳುತ್ತದೆ. ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ಯಾವ ಹಂತದಲ್ಲಿ ಯಾವ ತೀರ್ಮಾನವಾಯಿತು, ಅದರಿಂದ ಮುಂದಿನ ಯಾವ ದಾರಿ ಮುಚ್ಚಿಹೋಯಿತು ಎಂಬುದನ್ನು.

ಹಿನ್ನೆಲೆ

2009ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಕೊರತೆ ಸುಮಾರು 1.4 ಲಕ್ಷ ಕೋಟಿ ಡಾಲರ್ ಮುಟ್ಟಿತು. ಅದು ಆ ದೇಶದ ಒಟ್ಟು ಆಂತರಿಕ ಉತ್ಪನ್ನದ ಶೇ 10ರ ಸಮೀಪ. ಮುಂದಿನ ಎರಡು ವರ್ಷಗಳಲ್ಲೂ ಅದು 1.3 ಲಕ್ಷ ಕೋಟಿ ಡಾಲರಿನ ಆಸುಪಾಸಿನಲ್ಲೇ ನಿಂತಿತು. 2001 ಮತ್ತು 2003ರ ತೆರಿಗೆ ಕಡಿತಗಳು, ಅಫ್ಗಾನಿಸ್ತಾನ ಮತ್ತು ಇರಾಕ್‌ನ ಯುದ್ಧಗಳು, 2008ರ ಆರ್ಥಿಕ ಕುಸಿತ, ಆ ಕುಸಿತದಿಂದ ಮೇಲೇಳಲು ಮಾಡಿದ ಉತ್ತೇಜನ ವೆಚ್ಚ, ಇವೆಲ್ಲ ಸೇರಿ ಆದ ಪರಿಣಾಮವದು. ಸರ್ಕಾರದ ಆದಾಯ ಒಟ್ಟು ಉತ್ಪನ್ನದ ಶೇ 15ರ ಆಸುಪಾಸಿಗೆ ಇಳಿದಿತ್ತು, ಖರ್ಚು ಶೇ 24ರ ಹತ್ತಿರ ಏರಿತ್ತು. ಡೆಮಾಕ್ರಟಿಕ್ ಪಕ್ಷ ಮೊದಲ ಅಂಕಿಯನ್ನು ತೋರಿಸಿ ಶ್ರೀಮಂತರ ತೆರಿಗೆ ಏರಿಸಬೇಕೆಂದಿತು. ರಿಪಬ್ಲಿಕನ್ ಪಕ್ಷ ಎರಡನೆಯದನ್ನು ತೋರಿಸಿ ಖರ್ಚು ಕಡಿಯಬೇಕೆಂದಿತು. ಎರಡೂ ಅಂಕಿಗಳು ನಿಜವಾಗಿದ್ದವು. ಜಗಳ ಸುಳ್ಳು ಲೆಕ್ಕದ ಮೇಲೆ ನಿಂತಿದ್ದರೆ ಲೆಕ್ಕಪರಿಶೋಧಕರೇ ಅದನ್ನು ಬಗೆಹರಿಸುತ್ತಿದ್ದರು. ಇಬ್ಬರ ಬಳಿಯೂ ಸರಿಯಾದ ಲೆಕ್ಕವಿದ್ದುದರಿಂದಲೇ ಇದು ಬಿಗಿಯಾಯಿತು.

ಇದರ ಜೊತೆಗೆ ಕಾಲದ ಪ್ರಶ್ನೆಯೂ ಇತ್ತು. ನಿರುದ್ಯೋಗ ಶೇ 9ರಷ್ಟಿದ್ದಾಗ ಸರ್ಕಾರ ಏಕಾಏಕಿ ಕೈ ಬಿಗಿ ಮಾಡಿದರೆ ಆರ್ಥಿಕತೆ ಮತ್ತೆ ಕುಸಿಯಬಹುದೆಂದು ಒಂದು ಕಡೆಯವರು ವಾದಿಸಿದರೆ, ಇಂದು ಕಡಿಯದವರು ನಾಳೆಯೂ ಕಡಿಯುವುದಿಲ್ಲವೆಂದು ಇನ್ನೊಂದು ಕಡೆಯವರು ಹೇಳುತ್ತಿದ್ದರು.

2010ರ ಆರಂಭದಲ್ಲಿ ಅಧ್ಯಕ್ಷರು 18 ಸದಸ್ಯರ ದ್ವಿಪಕ್ಷೀಯ ಆಯೋಗವೊಂದನ್ನು ನೇಮಿಸಿದರು. ತೆರಿಗೆ, ರಕ್ಷಣೆ, ಆರೋಗ್ಯ ವಿಮೆ, ಪಿಂಚಣಿ ಎಲ್ಲವನ್ನೂ ಮುಟ್ಟಿ ಹತ್ತು ವರ್ಷಗಳಲ್ಲಿ ಸುಮಾರು 4 ಲಕ್ಷ ಕೋಟಿ ಡಾಲರ್ ಕೊರತೆ ತಗ್ಗಿಸುವ ಯೋಜನೆಯನ್ನು ಅದು ಸಿದ್ಧಪಡಿಸಿತು. ಅಧಿಕೃತ ಶಿಫಾರಸಾಗಲು 14 ಮತ ಬೇಕಿತ್ತು, ಡಿಸೆಂಬರ್‌ನಲ್ಲಿ ಸಿಕ್ಕಿದ್ದು 11. ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಮೂವರು ರಿಪಬ್ಲಿಕನ್ ಸದಸ್ಯರೂ ಕೆಲವು ಡೆಮಾಕ್ರಟಿಕ್ ಸದಸ್ಯರೂ, ತಮ್ಮ ತಮ್ಮ ಕಾರಣಗಳಿಗಾಗಿ, ಅದನ್ನು ತಿರಸ್ಕರಿಸಿದರು. ಅಧ್ಯಕ್ಷರೂ ಆ ಯೋಜನೆಯನ್ನು ತಮ್ಮದೆಂದು ಎತ್ತಿಕೊಳ್ಳಲಿಲ್ಲ. ಈ ಪ್ರಕರಣದ ಮೊದಲ ತಿರುವು ಇದೆಂದು ನನ್ನ ಅಭಿಪ್ರಾಯ. ಗಡುವಿನ ಕತ್ತಿ ತಲೆಯ ಮೇಲಿಲ್ಲದೆ, ನೆಮ್ಮದಿಯಾಗಿ ಕುಳಿತು ಎಲ್ಲ ಬಾಬತ್ತುಗಳನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ಚರ್ಚಿಸಲು ಸಿಕ್ಕ ಕೊನೆಯ ಅವಕಾಶ ಅದಾಗಿತ್ತು. ಅಷ್ಟರಲ್ಲಿ ನವೆಂಬರ್ 2010ರ ಚುನಾವಣೆ ಮುಗಿದು, ರಿಪಬ್ಲಿಕನ್ ಪಕ್ಷ 63 ಸ್ಥಾನಗಳನ್ನು ಹೆಚ್ಚಿಸಿಕೊಂಡು ಪ್ರತಿನಿಧಿ ಸಭೆಯನ್ನು ಗೆದ್ದಿತ್ತು. ಮೇಲ್ಮನೆಯಾದ ಸೆನೆಟ್ ಮತ್ತು ಶ್ವೇತಭವನ ಡೆಮಾಕ್ರಟಿಕ್ ಪಕ್ಷದಲ್ಲೇ ಉಳಿದವು.

ನಮ್ಮಲ್ಲಿ ಲೋಕಸಭೆಯಲ್ಲಿ ಬಜೆಟ್ ಬಿದ್ದರೆ ಸರ್ಕಾರವೇ ಬೀಳುತ್ತದೆ, ಜನರ ಮುಂದೆ ಮತ್ತೆ ಹೋಗಬೇಕಾಗಬಹುದು. ಅಮೆರಿಕದಲ್ಲಿ ಅಧ್ಯಕ್ಷರನ್ನೂ ಎರಡು ಸದನಗಳನ್ನೂ ಜನರು ಬೇರೆ ಬೇರೆಯಾಗಿ ಆರಿಸುವುದರಿಂದ, ಸಾಮಾನ್ಯವಾಗಿ ಮೂವರೂ ಒಪ್ಪದೆ ಹಣದ ಕಾನೂನು ಆಗುವುದಿಲ್ಲ, ಒಪ್ಪದಿದ್ದರೆ ಯಾರೂ ಮನೆಗೆ ಹೋಗುವುದೂ ಇಲ್ಲ. ಮುಂದಿನದನ್ನು ಓದುವಾಗ ಈ ವ್ಯತ್ಯಾಸ ನೆನಪಿನಲ್ಲಿರಬೇಕು.

ಬಿಕ್ಕಟ್ಟು ಹುಟ್ಟಿದ ಬಗೆ

ಅಮೆರಿಕದ ಖಜಾನೆ ಎಷ್ಟು ಸಾಲ ಎತ್ತಬಹುದೆಂಬುದಕ್ಕೆ ಕಾನೂನಿನ ಮಿತಿಯಿದೆ. ಈ ಮಿತಿಯನ್ನು ಏರಿಸಿದರೆ ಹೊಸ ಖರ್ಚಿಗೆ ಅನುಮತಿ ಸಿಕ್ಕಂತಾಗುವುದಿಲ್ಲ; ಸಂಸತ್ತು ಈಗಾಗಲೇ ಒಪ್ಪಿರುವ ಖರ್ಚಿನ ಬಿಲ್ ತೀರಿಸಲು ಸಾಲ ಪಡೆಯುವ ಅನುಮತಿಯಷ್ಟೇ ಅದು. 2011ರ ಮೇ 16ರಂದು ಸಾಲ 14.29 ಲಕ್ಷ ಕೋಟಿ ಡಾಲರಿನ ಮಿತಿಯನ್ನು ಮುಟ್ಟಿತು. ಲೆಕ್ಕದ ಹೊಂದಾಣಿಕೆಗಳಿಂದ ಆಗಸ್ಟ್ 2ರವರೆಗೆ ದೂಡಬಹುದು, ಅನಂತರ ಸಾಧ್ಯವಿಲ್ಲವೆಂದು ಖಜಾನೆ ಇಲಾಖೆ ತಿಳಿಸಿತು.

ಅದೇ ತಿಂಗಳು ಪ್ರತಿನಿಧಿ ಸಭೆಯ ಸ್ಪೀಕರ್ ನ್ಯೂಯಾರ್ಕ್‌ನ ಭಾಷಣವೊಂದರಲ್ಲಿ ತಮ್ಮ ಪಕ್ಷದ ಷರತ್ತನ್ನು ಮುಂದಿಟ್ಟರು: ಸಾಲದ ಮಿತಿ ಎಷ್ಟು ಏರುತ್ತದೋ ಅದಕ್ಕಿಂತ ಹೆಚ್ಚು ಖರ್ಚು ಕಡಿತವಾಗಬೇಕು, ತೆರಿಗೆ ಏರಿಕೆ ಇರಕೂಡದು. ಅವರ ಪಕ್ಷದ ಬಹುತೇಕ ಸದಸ್ಯರು ತೆರಿಗೆ ಏರಿಕೆಗೆ ಒಪ್ಪುವುದಿಲ್ಲವೆಂದು ಲಿಖಿತ ಪ್ರತಿಜ್ಞೆಗೆ ಸಹಿ ಹಾಕಿದ್ದರು. ಅದುವರೆಗೆ ಬಹುಮಟ್ಟಿಗೆ ಸಾಲದ ಮಿತಿಯ ಮತದಾನ ವಿರೋಧ ಪಕ್ಷದವರು ನಾಲ್ಕು ಮಾತು ಬೈದು ಕೊನೆಗೆ ಅಂಗೀಕಾರವಾಗಲು ಬಿಡುತ್ತಿದ್ದ ಸಂದರ್ಭವಾಗಿತ್ತು. ಈಗ ಅದು ಒತ್ತೆಯಾಯಿತು. ಅಧ್ಯಕ್ಷರ ಕಡೆಯೂ, ಷರತ್ತಿಲ್ಲದ ಏರಿಕೆಯೇ ಆಗಬೇಕೆಂದು ಮೊದಲು ಹೇಳಿ, ಬಳಿಕ ಕೊರತೆ ಕಡಿತದ ಮಾತುಕತೆಗೆ ಕುಳಿತದ್ದರಿಂದ ಎರಡು ವಿಷಯಗಳೂ ಒಂದಕ್ಕೊಂದು ಬೆಸೆದುಕೊಂಡವು. ವರ್ಷಗಟ್ಟಲೆ ಯೋಚಿಸಿ ಮಾಡಬೇಕಾದ ಕೆಲಸಕ್ಕೆ ಹನ್ನೊಂದು ವಾರದ ಗಡುವು ಬಿತ್ತು.

ಜುಲೈ ತಿಂಗಳ ಮಾತುಕತೆ

ಮೊದಲು ಉಪಾಧ್ಯಕ್ಷರ ನೇತೃತ್ವದಲ್ಲಿ ಎರಡೂ ಪಕ್ಷದವರು ಕುಳಿತು ಖರ್ಚಿನ ಬಾಬತ್ತುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ತೆರಿಗೆಯ ವಿಷಯ ಬಂದಾಗ, ಜೂನ್ 23ರಂದು, ಪ್ರತಿನಿಧಿ ಸಭೆಯ ಬಹುಮತ ಪಕ್ಷದ ನಾಯಕರು ಹೊರನಡೆದರು. ಅಷ್ಟರಲ್ಲಿ ಅಧ್ಯಕ್ಷರು ಮತ್ತು ಸ್ಪೀಕರ್ ನಡುವೆ ಬೇರೆಯೇ ಖಾಸಗಿ ಮಾತುಕತೆ ಶುರುವಾಗಿತ್ತು. ಸಣ್ಣಪುಟ್ಟ ಕಡಿತಕ್ಕಾಗಿ ಇಷ್ಟು ರಾಜಕೀಯ ನಷ್ಟ ಅನುಭವಿಸುವ ಬದಲು ಒಂದೇ ಸಲ ದೊಡ್ಡದನ್ನು ಸಾಧಿಸೋಣ ಎಂಬುದು ಇಬ್ಬರ ಯೋಚನೆ.

ಆ ಮಾತುಕತೆಯ ತಿರುಳು ಹೀಗಿತ್ತು. ಅಧ್ಯಕ್ಷರ ಕಡೆಯಿಂದ, ತಮ್ಮ ಪಕ್ಷಕ್ಕೆ ಬಿಸಿತುಪ್ಪವಾಗಿದ್ದ ಎರಡು ವಿಷಯಗಳಲ್ಲಿ ಬಾಗುವ ಸಿದ್ಧತೆ: ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಅರ್ಹತಾ ವಯಸ್ಸನ್ನು 65ರಿಂದ ಕ್ರಮೇಣ 67ಕ್ಕೆ ಏರಿಸುವುದು, ಮತ್ತು ಪಿಂಚಣಿಯ ತುಟ್ಟಿಭತ್ಯೆಯನ್ನು ಕಡಿಮೆ ಏರುವ ಸೂಚ್ಯಂಕಕ್ಕೆ ಕಟ್ಟುವುದು. ಸ್ಪೀಕರ್ ಕಡೆಯಿಂದ, ತೆರಿಗೆ ವ್ಯವಸ್ಥೆಯ ಸುಧಾರಣೆಯ ಮೂಲಕ ಹತ್ತು ವರ್ಷಗಳಲ್ಲಿ ಸುಮಾರು 80,000 ಕೋಟಿ ಡಾಲರ್ ಹೆಚ್ಚಿನ ಆದಾಯಕ್ಕೆ ಒಪ್ಪಿಗೆ. ಇಬ್ಬರೂ ತಮ್ಮ ಪಕ್ಷದವರಿಗೆ ಹೇಳಿಕೊಳ್ಳಲಾಗದ್ದನ್ನು ಕೊಡಲು ಸಿದ್ಧರಾಗಿದ್ದರು, ಆದ್ದರಿಂದಲೇ ಮಾತುಕತೆ ಗುಟ್ಟಾಗಿತ್ತು. ಗುಟ್ಟಾಗಿದ್ದುದರಿಂದ ಇಬ್ಬರ ಪಕ್ಷಗಳೂ ಮನಸ್ಸು ಸಜ್ಜು ಮಾಡಿಕೊಂಡಿರಲಿಲ್ಲ.

ಜುಲೈ 19ರಂದು ಎರಡೂ ಪಕ್ಷಗಳ ಆರು ಮಂದಿ ಸೆನೆಟರ್‌ಗಳು ತಮ್ಮದೇ ಯೋಜನೆಯನ್ನು ಪ್ರಕಟಿಸಿದರು. ಅದರಲ್ಲಿ ತೆರಿಗೆ ಆದಾಯದ ಪಾಲು 80,000 ಕೋಟಿಗಿಂತ ಬಹಳ ಹೆಚ್ಚಿತ್ತು. ಅಧ್ಯಕ್ಷರು ಅದನ್ನು ಬಹಿರಂಗವಾಗಿ ಸ್ವಾಗತಿಸಿದರು. ರಿಪಬ್ಲಿಕನ್ ಸೆನೆಟರ್‌ಗಳೇ ಇಷ್ಟು ಒಪ್ಪುವಾಗ ತಾವು ಕಡಿಮೆಗೆ ಒಪ್ಪಿದರೆ ಸ್ವಪಕ್ಷದವರಿಗೆ ಏನು ಉತ್ತರ ಹೇಳುವುದು ಎಂಬ ಸಂಕಟ ಅವರಿಗೆ ಎದುರಾಯಿತು. ಇನ್ನೂ 40,000 ಕೋಟಿ ಡಾಲರ್ ಆದಾಯ ಬೇಕೆಂಬ ಮಾತು ಶ್ವೇತಭವನದಿಂದ ಹೋಯಿತು. ಅದು ಬೇಡಿಕೆಯೋ ಪ್ರಸ್ತಾವವೋ ಎಂಬ ಬಗ್ಗೆ ಎರಡು ಕಡೆಯವರ ಹೇಳಿಕೆಗಳು ಇಂದಿಗೂ ಹೊಂದುವುದಿಲ್ಲ. 80,000 ಕೋಟಿಗೇ ತಮ್ಮವರನ್ನು ಒಪ್ಪಿಸಲು ಹೆಣಗುತ್ತಿದ್ದ ಸ್ಪೀಕರ್ ಜುಲೈ 22ರಂದು ಮಾತುಕತೆಯಿಂದ ಹಿಂದೆ ಸರಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಆರು ಸೆನೆಟರ್‌ಗಳ ಯೋಜನೆ ಸಹಮತದ ಕಡೆಗಿನ ಪ್ರಾಮಾಣಿಕ ಹೆಜ್ಜೆಯಾಗಿತ್ತು. ಆದರೆ ಅದು ಬಂದ ಸಮಯದಿಂದಾಗಿ, ಬಹುತೇಕ ಮುಗಿದಿದ್ದ ಇನ್ನೊಂದು ಒಪ್ಪಂದದ ಅಳತೆಗೋಲೇ ಬದಲಾಯಿತು. ಒಂದೇ ವಿಷಯಕ್ಕೆ ಎರಡು ಮೇಜುಗಳಲ್ಲಿ, ಒಬ್ಬರಿಗೊಬ್ಬರು ತಿಳಿಸದೆ ಮಾತುಕತೆ ನಡೆದಾಗ, ಒಂದು ಮೇಜಿನ ಔದಾರ್ಯ ಇನ್ನೊಂದರ ಮೇಲೆ ಅಪನಂಬಿಕೆಯಾಗಿ ಇಳಿಯಿತು.

ಶಿಕ್ಷೆಯ ವಿನ್ಯಾಸ

ಉಳಿದದ್ದು ಹತ್ತು ದಿನ. ಜುಲೈ 31ರ ರಾತ್ರಿ ಪ್ರಕಟವಾದ ಒಪ್ಪಂದದಲ್ಲಿ ಎರಡು ಭಾಗಗಳಿದ್ದವು. ಮೊದಲನೆಯದು, ವರ್ಷವರ್ಷವೂ ಸಂಸತ್ತಿನ ಮಂಜೂರಾತಿ ಬೇಕಾಗುವ ಖರ್ಚುಗಳಿಗೆ, ಅಂದರೆ ರಕ್ಷಣೆ, ಸಂಶೋಧನೆ, ಶಿಕ್ಷಣ, ಉದ್ಯಾನಗಳು, ಕಚೇರಿಗಳು ಇತ್ಯಾದಿಗಳಿಗೆ, ಹತ್ತು ವರ್ಷದ ಮಿತಿ ಹಾಕಿ 90,000 ಕೋಟಿ ಡಾಲರಿಗೂ ಹೆಚ್ಚು ಉಳಿಸುವುದು. ಎರಡನೆಯದು, ಇನ್ನೂ ಕನಿಷ್ಠ 1.2 ಲಕ್ಷ ಕೋಟಿ ಡಾಲರ್ ಕಡಿತವನ್ನು ನವೆಂಬರ್ 23ರೊಳಗೆ ಕಂಡುಹಿಡಿಯಲು ಎರಡೂ ಪಕ್ಷಗಳ ತಲಾ ಆರು, ಒಟ್ಟು 12 ಮಂದಿಯ ಜಂಟಿ ಸಮಿತಿ. ಸಮಿತಿಯಲ್ಲಿ ಏಳು ಮತ ಬಿದ್ದರೆ ಸಾಕು, ತಿದ್ದುಪಡಿಗೆ ಅವಕಾಶವಿಲ್ಲದೆ ಎರಡೂ ಸದನಗಳಲ್ಲಿ ನೇರ ಮತದಾನ. ಸಮಿತಿ ಸೋತರೆ 2013ರ ಜನವರಿಯಿಂದ ಒಂಬತ್ತು ವರ್ಷ ತಾನಾಗಿ ಕಡಿತ. ಅರ್ಧ ರಕ್ಷಣೆಯಿಂದ, ಅರ್ಧ ಇತರ ಬಾಬತ್ತುಗಳಿಂದ. ಈ ಯಾಂತ್ರಿಕ ಕಡಿತಕ್ಕೆ ಅಲ್ಲಿ ಸೀಕ್ವೆಸ್ಟರ್ ಎನ್ನುತ್ತಾರೆ. 1985ರ ಕಾನೂನೊಂದರಲ್ಲಿ ಇದರ ಪೂರ್ವರೂಪವಿತ್ತು.

ಯಾವ ಅಧಿಕಾರಿಗೂ ವಿವೇಚನೆಗೆ ಅವಕಾಶವಿಲ್ಲದಂತೆ, ಒಳ್ಳೆಯ ಯೋಜನೆ ಕೆಟ್ಟ ಯೋಜನೆ ಎನ್ನದೆ ಎಲ್ಲದರ ಮೇಲೂ ಒಂದೇ ಕತ್ತರಿ ಆಡುವಂತೆ ಅದನ್ನು ರೂಪಿಸಿದ್ದರು. ಅದು ಜಾರಿಯಾಗಲಿ ಎಂಬ ಉದ್ದೇಶ ಯಾರಿಗೂ ಇರಲಿಲ್ಲ. ಅದರ ಭಯದಿಂದ ಸಮಿತಿ ಒಪ್ಪಂದಕ್ಕೆ ಬರಲಿ ಎಂಬುದಷ್ಟೇ ಆಶಯ.

ಈ ಶಿಕ್ಷೆಯ ಒಳಗೆ ಏನನ್ನು ಸೇರಿಸಲಿಲ್ಲ ಎಂಬುದೇ ಇಡೀ ಪ್ರಕರಣದ ಕೀಲಿಕೈ. ಸೋತರೆ ತೆರಿಗೆಯೂ ತಾನಾಗಿ ಏರಬೇಕೆಂದು ಶ್ವೇತಭವನ ಬಯಸಿತ್ತು. ರಿಪಬ್ಲಿಕನ್ನರು ಅದನ್ನು ಸುತರಾಂ ಒಪ್ಪಲಿಲ್ಲ. ಅವರನ್ನು ಹೆದರಿಸಲು ರಕ್ಷಣಾ ಕಡಿತ ಬಂತು. ಡೆಮಾಕ್ರಟಿಕ್ ಪಕ್ಷದ ಬೇಡಿಕೆಯಂತೆ ಪಿಂಚಣಿಯಾದ ಸೋಶಿಯಲ್ ಸೆಕ್ಯುರಿಟಿಗೂ ಬಡವರ ಆರೋಗ್ಯ ನೆರವಾದ ಮೆಡಿಕೇಡ್‌ಗೂ ವಿನಾಯಿತಿ ಸಿಕ್ಕಿತು. ಮೆಡಿಕೇರ್‌ನಲ್ಲಿ ಆಸ್ಪತ್ರೆ ಮತ್ತು ವೈದ್ಯರಿಗೆ ಸಲ್ಲುವ ಪಾವತಿಯ ಶೇ 2ಕ್ಕೆ ಕಡಿತ ಸೀಮಿತವಾಯಿತು. ಹೀಗೆ ಎರಡೂ ಪಕ್ಷಗಳು ತಮಗೆ ಪ್ರಾಣಕ್ಕಿಂತ ಹೆಚ್ಚೆನಿಸಿದ್ದನ್ನು ಶಿಕ್ಷೆಯ ಹೊರಗಿಟ್ಟು, ಎರಡನೆಯ ದರ್ಜೆಯ ಪ್ರೀತಿಯನ್ನು ಮಾತ್ರ ಒತ್ತೆ ಇಟ್ಟವು.

ಮಸೂದೆ ಪ್ರತಿನಿಧಿ ಸಭೆಯಲ್ಲಿ 269–161, ಸೆನೆಟ್‌ನಲ್ಲಿ 74–26 ಮತಗಳಿಂದ ಅಂಗೀಕಾರವಾಗಿ ಆಗಸ್ಟ್ 2ರಂದೇ ಕಾನೂನಾಯಿತು. ಪ್ರತಿನಿಧಿ ಸಭೆಯ ಡೆಮಾಕ್ರಟಿಕ್ ಸದಸ್ಯರು ಸರಿಯಾಗಿ ಎರಡು ಪಾಲಾದರು: 95 ಪರ, 95 ವಿರುದ್ಧ. ಮೂರು ದಿನಗಳ ಬಳಿಕ, ದೇಶಗಳ ಸಾಲ ತೀರಿಸುವ ಯೋಗ್ಯತೆಗೆ ದರ್ಜೆ ಕೊಡುವ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸಂಸ್ಥೆ ಅಮೆರಿಕದ ಅತ್ಯುನ್ನತ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಿತು. ಸಾಲದ ಗಾತ್ರದ ಜೊತೆಗೆ, ಹೀಗೆ ಕೊನೆಯ ಗಳಿಗೆಯವರೆಗೆ ಎಳೆದಾಡುವ ರಾಜಕೀಯವನ್ನೂ ಅದು ಕಾರಣವಾಗಿ ಕೊಟ್ಟಿತು. ಈ ವಿಳಂಬದಿಂದ ಆ ವರ್ಷ ಖಜಾನೆಯ ಸಾಲದ ವೆಚ್ಚ ಸುಮಾರು 130 ಕೋಟಿ ಡಾಲರ್ ಹೆಚ್ಚಿತೆಂದು ಸಂಸತ್ತಿನದೇ ಲೆಕ್ಕಪರಿಶೋಧನಾ ಕಚೇರಿ ಅಂದಾಜಿಸಿತು. ಉಳಿಸಲು ಹೊರಟವರ ಜಗಳವೇ ಖರ್ಚಿಗೆ ದಾರಿ ಮಾಡಿತ್ತು.

ಹನ್ನೆರಡು ಮಂದಿಯ ಸಮಿತಿ

ಸಮಿತಿಗೆ ಯಾರನ್ನು ನೇಮಿಸಿದರು ಎಂಬುದನ್ನು ಹತ್ತಿರದಿಂದ ನೋಡಬೇಕು. 2010ರ ಆಯೋಗದ ಯೋಜನೆಗೆ ಪರವಾಗಿ ಮತ ಹಾಕಿದ್ದ 11 ಮಂದಿಯಲ್ಲಿ ಒಬ್ಬರೂ ಇದರಲ್ಲಿರಲಿಲ್ಲ. ವಿರುದ್ಧ ಮತ ಹಾಕಿದ್ದವರಲ್ಲಿ ನಾಲ್ವರಿದ್ದರು. ಅವರಲ್ಲಿ ಒಬ್ಬರು ಸಮಿತಿಯ ಸಹ ಅಧ್ಯಕ್ಷರೇ ಆಗಿದ್ದರು. ಜುಲೈನಲ್ಲಿ ಜಂಟಿ ಯೋಜನೆ ಬರೆದ ಆರು ಸೆನೆಟರ್‌ಗಳಿಗೂ ಸ್ಥಾನ ಸಿಗಲಿಲ್ಲ. ನೇಮಿಸುವ ಅಧಿಕಾರ ಎರಡೂ ಸದನಗಳ ಪಕ್ಷನಾಯಕರದ್ದಾಗಿತ್ತು, ಮತ್ತು ತಮ್ಮ ಸಾಲಿನಿಂದ ಒಬ್ಬ ಸದಸ್ಯ ಆಚೆ ದಾಟಿದರೂ ಏಳನೆಯ ಮತ ಎದುರಾಳಿಗೆ ಸಿಕ್ಕಿಬಿಡುತ್ತದೆಂಬ ಅಂಜಿಕೆ ಅವರೆಲ್ಲರಿಗೂ ಇತ್ತು. ಒಬ್ಬರು ದಾಟಿದರೆ ಸಾಕೆಂದು ಮಾಡಿದ ನಿಯಮವೇ ಯಾರೂ ದಾಟದಂಥವರನ್ನು ಆರಿಸಲು ಕಾರಣವಾಯಿತು.

ಹೊರಗಿನ ಹವೆಯೂ ಅನುಕೂಲವಾಗಿರಲಿಲ್ಲ. ಆಗಸ್ಟ್ 11ರಂದು ಅಯೋವಾದ ಏಮ್ಸ್‌ನಲ್ಲಿ ನಡೆದ ರಿಪಬ್ಲಿಕನ್ ಅಧ್ಯಕ್ಷೀಯ ಆಕಾಂಕ್ಷಿಗಳ ಚರ್ಚೆಯಲ್ಲಿ, ಹತ್ತು ಡಾಲರ್ ಖರ್ಚು ಕಡಿತಕ್ಕೆ ಒಂದು ಡಾಲರ್ ತೆರಿಗೆ ಏರಿಕೆ ಎಂಬ ಒಪ್ಪಂದ ಬಂದರೂ ತಿರಸ್ಕರಿಸುವವರು ಕೈ ಎತ್ತಿ ಎಂದು ಕೇಳಲಾಯಿತು. ವೇದಿಕೆಯಲ್ಲಿದ್ದ ಎಂಟೂ ಮಂದಿ ಕೈ ಎತ್ತಿದರು. ಹಾಗೆಂದು ಸಮಿತಿಯ ರಿಪಬ್ಲಿಕನ್ ಸದಸ್ಯರು ಕಲ್ಲಾಗಿ ಕುಳಿತಿದ್ದರು ಎಂದರೆ ನ್ಯಾಯವಾಗದು. ನವೆಂಬರ್‌ನಲ್ಲಿ ಅವರಲ್ಲೊಬ್ಬರು ತೆರಿಗೆ ವಿನಾಯಿತಿಗಳನ್ನು ಕಡಿದು ಸುಮಾರು 30,000 ಕೋಟಿ ಡಾಲರ್ ಆದಾಯ ಪಡೆಯುವ ಪ್ರಸ್ತಾವ ತಂದರು. ಆ ಪಕ್ಷದ ಮಟ್ಟಿಗೆ ಅದು ನಿಜವಾದ ಸಡಿಲಿಕೆಯೇ. ಆದರೆ ಅದರ ಜೊತೆಗೆ ಉನ್ನತ ತೆರಿಗೆ ದರವನ್ನು ಶೇ 28ಕ್ಕೆ ಇಳಿಸುವ ಷರತ್ತಿದ್ದುದರಿಂದ, ಶ್ರೀಮಂತರಿಗೆ ಲಾಭವಾಗಿ ಹೊರೆ ಮಧ್ಯಮ ವರ್ಗದ ಮೇಲೆ ಬೀಳುತ್ತದೆಂದು ಡೆಮಾಕ್ರಟಿಕ್ ಸದಸ್ಯರು ತಳ್ಳಿಹಾಕಿದರು. ನವೆಂಬರ್ 21ರಂದು ಸಹ ಅಧ್ಯಕ್ಷರಿಬ್ಬರೂ ಒಪ್ಪಂದ ಸಾಧ್ಯವಾಗಲಿಲ್ಲವೆಂದು ಲಿಖಿತ ಹೇಳಿಕೆ ಕೊಟ್ಟರು. ಮುಂದಿನ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಜನರೇ ತಮ್ಮ ಪರ ತೀರ್ಪು ಕೊಡುತ್ತಾರೆಂಬ ನಂಬಿಕೆ ಎರಡೂ ಪಕ್ಷಗಳಿಗಿತ್ತು, ಶಿಕ್ಷೆ ಇನ್ನೂ ಹದಿಮೂರು ತಿಂಗಳು ದೂರವಿತ್ತು.

ಕತ್ತರಿ ಬಿದ್ದಾಗ

ಚುನಾವಣೆ ಯಾವ ತೀರ್ಪನ್ನೂ ಕೊಡಲಿಲ್ಲ. ಅಧ್ಯಕ್ಷರು ಮರು ಆಯ್ಕೆಯಾದರು, ಪ್ರತಿನಿಧಿ ಸಭೆ ರಿಪಬ್ಲಿಕನ್ನರಲ್ಲೇ ಉಳಿಯಿತು. 2013ರ ಹೊಸ ವರ್ಷದ ದಿನ ಅತಿ ಹೆಚ್ಚು ಆದಾಯದವರ ತೆರಿಗೆ ದರವನ್ನು ಶೇ 39.6ಕ್ಕೆ ಏರಿಸುವ ಕಾನೂನು ಅಂಗೀಕಾರವಾಯಿತು, ಯಾಂತ್ರಿಕ ಕಡಿತ ಎರಡು ತಿಂಗಳು ಮುಂದಕ್ಕೆ ಹೋಯಿತು. ಮಾರ್ಚ್ 1ರಂದು ಅದು ಜಾರಿಗೆ ಬಂತು. ಆ ವರ್ಷಕ್ಕೆ ಕಡಿತ ಸುಮಾರು 8,500 ಕೋಟಿ ಡಾಲರ್.

ಏಪ್ರಿಲ್‌ನಲ್ಲಿ ವಾಯು ಸಂಚಾರ ನಿಯಂತ್ರಕರನ್ನು ಸಂಬಳವಿಲ್ಲದ ರಜೆಯ ಮೇಲೆ ಕಳಿಸಲು ಆರಂಭಿಸಿದಾಗ ವಿಮಾನಗಳು ತಡವಾದವು. ವಾರ ತುಂಬುವುದರೊಳಗೆ ಸೆನೆಟ್ ಒಮ್ಮತದಿಂದಲೂ ಪ್ರತಿನಿಧಿ ಸಭೆ ಭಾರಿ ಬಹುಮತದಿಂದಲೂ ಕಾನೂನು ತಂದು ಅವರನ್ನು ಕೆಲಸಕ್ಕೆ ಮರಳಿಸಿದವು. ಬಡ ಕುಟುಂಬಗಳ ಪುಟ್ಟ ಮಕ್ಕಳಿಗಾಗಿ ಇರುವ ಹೆಡ್ ಸ್ಟಾರ್ಟ್ ಯೋಜನೆಯಲ್ಲಿ ಸುಮಾರು 57 ಸಾವಿರ ಮಕ್ಕಳ ಜಾಗ ಹೋಯಿತು. ಅದಕ್ಕಾಗಿ ವಾರದಲ್ಲಿ ಯಾವ ಕಾನೂನೂ ಬರಲಿಲ್ಲ. ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಬಜೆಟ್ಟಿನಲ್ಲಿ 155 ಕೋಟಿ ಡಾಲರ್ ಕಡಿತವಾಯಿತು. ಎಲ್ಲರ ಮೇಲೂ ಸಮನಾಗಿ ಬೀಳುವಂತೆ ಮಾಡಿದ್ದ ಕತ್ತರಿ ನಡೆಯುತ್ತ ನಡೆಯುತ್ತ, ದನಿ ಎತ್ತಬಲ್ಲವರನ್ನು ಬಿಟ್ಟು ಎತ್ತಲಾಗದವರ ಮೇಲೆ ಉಳಿಯಿತು. ಈ ಭಾಗವನ್ನು ನಾನು ಸಮಾಧಾನದಿಂದ ಓದಲಾರೆ.

ಕೊರತೆ ಇಳಿಯಿತೇ? ಇಳಿಯಿತು. 2013ರಲ್ಲಿ ಅದು ಸುಮಾರು 68,000 ಕೋಟಿ ಡಾಲರಿಗೆ, 2015ರಲ್ಲಿ 44,000 ಕೋಟಿಯ ಆಸುಪಾಸಿಗೆ ಬಂತು. ಅದರಲ್ಲಿ ಖರ್ಚಿನ ಮಿತಿಗಳ ಪಾಲೂ ಇತ್ತು, ಹೊಸ ತೆರಿಗೆಯ ಪಾಲೂ ಇತ್ತು, ಆರ್ಥಿಕತೆ ಚೇತರಿಸಿಕೊಂಡು ಆದಾಯ ತಾನಾಗಿ ಏರಿದ ಪಾಲಂತೂ ದೊಡ್ಡದಾಗಿಯೇ ಇತ್ತು.

ಸಣ್ಣ ಒಪ್ಪಂದ

2013ರ ಅಕ್ಟೋಬರ್‌ನಲ್ಲಿ ಬಜೆಟ್ ಮಂಜೂರಾಗದೆ ಸರ್ಕಾರಿ ಕಚೇರಿಗಳು 16 ದಿನ ಮುಚ್ಚಿದವು. ಆ ಬಳಿಕ ಎರಡೂ ಸದನಗಳ ಬಜೆಟ್ ಸಮಿತಿಗಳ ಅಧ್ಯಕ್ಷರು ಮಾತುಕತೆಗೆ ಕುಳಿತರು. ಒಬ್ಬರು 2010ರ ಯೋಜನೆಗೆ ವಿರುದ್ಧ ಮತ ಹಾಕಿದ್ದ ರಿಪಬ್ಲಿಕನ್; ಇನ್ನೊಬ್ಬರು ವಿಫಲವಾದ ಹನ್ನೆರಡರ ಸಮಿತಿಯ ಸಹ ಅಧ್ಯಕ್ಷೆಯಾಗಿದ್ದ ಡೆಮಾಕ್ರಟಿಕ್ ಸೆನೆಟರ್. ಇಬ್ಬರೂ ಮೆತುವಾದವರಲ್ಲ. ಅವರು ಆರಂಭದಲ್ಲೇ ದೊಡ್ಡ ಒಪ್ಪಂದದ ಆಸೆಗೆ ಎಳ್ಳುನೀರು ಬಿಟ್ಟರು: ತೆರಿಗೆ ದರ ಏರಿಸಿ ಎಂದು ಒಬ್ಬರು ಕೇಳುವುದಿಲ್ಲ, ಪಿಂಚಣಿ ಮತ್ತು ಮೆಡಿಕೇರ್ ಸೌಲಭ್ಯಗಳನ್ನು ಕಡಿಯಿರಿ ಎಂದು ಇನ್ನೊಬ್ಬರು ಕೇಳುವುದಿಲ್ಲ. ಉಳಿದ ಕಿರಿದಾದ ಜಾಗದಲ್ಲಿ, ವಿಮಾನ ಪ್ರಯಾಣಿಕರ ಭದ್ರತಾ ಶುಲ್ಕ, ಹೊಸ ಸರ್ಕಾರಿ ನೌಕರರ ಪಿಂಚಣಿ ವಂತಿಗೆ ಮುಂತಾದವುಗಳಿಂದ ಹಣ ಹೊಂದಿಸಿ, ಎರಡು ವರ್ಷಗಳಲ್ಲಿ 6,300 ಕೋಟಿ ಡಾಲರಿನಷ್ಟು ಯಾಂತ್ರಿಕ ಕಡಿತವನ್ನು ಸಡಿಲಿಸಿದರು. ಪ್ರತಿನಿಧಿ ಸಭೆಯಲ್ಲಿ 332–94 ಮತಗಳಿಂದ ಅದು ಗೆದ್ದಿತು. ಮುಂದೆ 2015, 2018, 2019ರಲ್ಲೂ ಇದೇ ಮಾದರಿಯಲ್ಲಿ ಮಿತಿಗಳನ್ನು ಏರಿಸಲಾಯಿತು. 2019ರ ಹೊತ್ತಿಗೆ, ಆರ್ಥಿಕತೆ ಚೆನ್ನಾಗಿದ್ದಾಗಲೇ, ಕೊರತೆ ಮತ್ತೆ 98,000 ಕೋಟಿ ಡಾಲರ್ ದಾಟಿತ್ತು.

ಈ ಪ್ರಕರಣದಲ್ಲಿ ಕಾಣುವುದು

ಪಕ್ಷಗಳ ಹಟಮಾರಿತನವೇ ಎಲ್ಲಕ್ಕೂ ಕಾರಣವೆಂಬ ಸಾಮಾನ್ಯ ವಿವರಣೆ ನನಗೆ ಸಾಕಾಗುವುದಿಲ್ಲ, ಏಕೆಂದರೆ ಹಟ 1990ರಲ್ಲೂ ಇತ್ತು. ಆಗಲೂ ಮೊದಲ ಒಪ್ಪಂದ ಪ್ರತಿನಿಧಿ ಸಭೆಯಲ್ಲಿ ಸೋತು, ಹೊಸ ತೆರಿಗೆ ಹಾಕುವುದಿಲ್ಲವೆಂದು ಮಾತು ಕೊಟ್ಟಿದ್ದ ರಿಪಬ್ಲಿಕನ್ ಅಧ್ಯಕ್ಷರು ಆ ಮಾತನ್ನು ಬಿಟ್ಟು, ತೆರಿಗೆ ಮತ್ತು ಕಡಿತ ಎರಡೂ ಸೇರಿದ ಐದು ವರ್ಷದ ಕಾನೂನಿಗೆ ಸಹಿ ಹಾಕಿದರು. 1992ರಲ್ಲಿ ಅವರು ಸೋತದ್ದಕ್ಕೆ ಆ ಸಹಿಯೂ ಒಂದು ಕಾರಣವೆಂದು ಅವರ ಪಕ್ಷ ನಂಬಿತು, ಆ ನಂಬಿಕೆ 2011ರ ಸ್ಪೀಕರ್ ಅವರ ಕೋಣೆಯಲ್ಲೂ ಕುಳಿತಿತ್ತು.

2011ರಲ್ಲಿ ಕೆಟ್ಟದ್ದು ಕೆಲಸದ ಅನುಕ್ರಮ. ವರ್ಷವಾರು ಖರ್ಚಿನ ಮಿತಿ ರಾಜಕೀಯವಾಗಿ ಸುಲಭದ್ದು, ಅದನ್ನು ಮೊದಲೇ ಕಾನೂನು ಮಾಡಿದರು. ಅದರಿಂದ ರಿಪಬ್ಲಿಕನ್ನರಿಗೆ ತೆರಿಗೆ ಕೊಡದೆಯೇ ಕಡಿತ ದಕ್ಕಿತು, ಡೆಮಾಕ್ರಟಿಕ್ ಪಕ್ಷಕ್ಕೆ ಪಿಂಚಣಿ ಮುಟ್ಟದೆಯೇ ಸಾಲದ ಮಿತಿ ಏರಿತು. ಕಷ್ಟದ ಎರಡು ವಿಷಯಗಳು ಒಂದಕ್ಕೊಂದು ಕೊಡುಕೊಳ್ಳುವಿಕೆಯಾಗಿ ನಿಂತಿದ್ದವು. ಮಧ್ಯದ ಸುಲಭದ ವಿಷಯವನ್ನು ಎತ್ತಿ ಬೇರೆ ಮಾಡಿದ ಮೇಲೆ ಅವುಗಳನ್ನು ಕಟ್ಟುವ ಹಗ್ಗ ಉಳಿಯಲಿಲ್ಲ. ಶಿಕ್ಷೆಯ ಲೆಕ್ಕವೂ ಹೀಗೆಯೇ ತಪ್ಪಿತು. ರಕ್ಷಣಾ ಕಡಿತ ರಿಪಬ್ಲಿಕನ್ನರಿಗೆ ನೋವು ಕೊಟ್ಟಿತು, ಆದರೆ ತೆರಿಗೆಯ ಪ್ರತಿಜ್ಞೆ ಮುರಿದು ಸ್ವಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಸೋಲುವ ಭಯದಷ್ಟು ಅಲ್ಲ. ಒಂದು ಗಡುವು ಕೆಲಸ ಮಾಡಬೇಕಾದರೆ, ತಪ್ಪಿಸುವುದಕ್ಕಿಂತ ಒಪ್ಪುವುದು ಕುಳಿತವರಿಗೆ ವೈಯಕ್ತಿಕವಾಗಿ ಅಗ್ಗವಾಗಿರಬೇಕು. ಇಲ್ಲಿ ದೇಶಕ್ಕೆ ದುಬಾರಿಯಾದದ್ದು ಪ್ರತಿ ಸದಸ್ಯರಿಗೂ ಅಗ್ಗವಾಗಿತ್ತು.

2013ರ ಬಜೆಟ್ ಸಮಿತಿಗಳ ಇಬ್ಬರು ಅಧ್ಯಕ್ಷರು ಗೆದ್ದದ್ದು ಕೊರತೆಯ ಮೂಲವನ್ನು ಮುಟ್ಟದೆ ಬಿಟ್ಟಿದ್ದರಿಂದ ಎಂಬ ಆಕ್ಷೇಪ ಸರಿಯೇ. ಆದರೂ ಆ ಹೊತ್ತಿಗೆ ಸಂಸತ್ತು ಒಂದು ಸಾಮಾನ್ಯ ಬಜೆಟ್ಟನ್ನು ಕಾಲಕ್ಕೆ ಸರಿಯಾಗಿ ಒಪ್ಪುವ ರೂಢಿಯನ್ನೇ ಕಳೆದುಕೊಂಡಿತ್ತು, ಅದನ್ನು ಅವರು ಸ್ವಲ್ಪವಾದರೂ ಮರಳಿ ತಂದರು. ಎದುರಾಳಿಯನ್ನು ಅವರ ನಂಬಿಕೆ ಬಿಡುವಂತೆ ಕೇಳದೆ ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಹೋಗುವುದನ್ನು ನಾನು ಹೇಡಿತನವೆಂದು ಕರೆಯಲಾರೆ. ತೆರಿಗೆ ಮತ್ತು ವೃದ್ಧರ ಸೌಲಭ್ಯಗಳ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. 2011ರ ಮಿತಿಗಳು 2021ಕ್ಕೆ ಮುಗಿದವು. 2023ರಲ್ಲಿ ಸಾಲದ ಮಿತಿ ಮತ್ತೆ ಅಡ್ಡಬಂದು, ಪಕ್ಷಗಳು ಮತ್ತೆ ಗಡುವಿನ ಅಂಚಿನಲ್ಲಿ ನಿಂತು, ಜೂನ್‌ನಲ್ಲಿ ಒಪ್ಪಂದವಾದಾಗಲೂ ಮುಖ್ಯ ಕಡಿತ ಬಂದದ್ದು ವರ್ಷವಾರು ಮಂಜೂರಾತಿಯ ಖರ್ಚಿನಿಂದಲೇ. ತೆರಿಗೆ ದರ, ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಮೂರನ್ನೂ ಎರಡೂ ಕಡೆಯವರು ಮಾತುಕತೆಯಿಂದ ಹೊರಗಿಟ್ಟರು.